ತುರ್ತು ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಹೊಟ್ಟೆಯನ್ನು ಹೊಲಿಯುವುದು ಹೇಗೆ?

ಕರುಳು ತೂತಾಗಿ ಹೊಟ್ಟೆಯೆಲ್ಲ ಕೀವು ತುಂಬಿದ ರೋಗಿಯನ್ನು ನಡುರಾತ್ರಿ ಥಿಯೇಟರಿಗೆ ತಂದು, ತೂತು ಮುಚ್ಚಿ, ತೊಳೆದು ಮುಗಿಸುವ ಹೊತ್ತಿಗೆ ಹಿರಿಯ ಸರ್ಜನ್ ಕೈಗವಸು ಕಳಚಿ ಹೊರಟಿರುತ್ತಾರೆ. ಹೊಟ್ಟೆ ಮುಚ್ಚುವ ಕೆಲಸ ತಂಡದಲ್ಲಿ ಎಲ್ಲರಿಗಿಂತ ಕಿರಿಯ ಪಿ.ಜಿ. ವಿದ್ಯಾರ್ಥಿಯ ಪಾಲಿಗೆ ಬರುತ್ತದೆ. ವಾರದೊಳಗೆ ಡ್ರೆಸಿಂಗ್ ತಿಳಿಗೆಂಪು ನೀರಿನಿಂದ ತೊಯ್ದು ಗಾಯ ಬಿರಿದಾಗ ದಾರವನ್ನು ದೂರುವವರೇ ಹೆಚ್ಚು. ಮತ್ತೆ ತೆರೆದು ನೋಡಿದರೆ ದಾರವೂ ಗಂಟೂ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತವೆ, ಹರಿದಿರುವುದು ಫೇಶಿಯಾ, ಅಂದರೆ ಹೊಟ್ಟೆಯ ಗೋಡೆಯನ್ನು ಹಿಡಿದಿಡುವ ಗಟ್ಟಿಯಾದ ಬಿಳಿ ಪದರ.

ಮೊದಲು ಇಡೀ ತಂಡ ಕೈಗವಸು ಬದಲಿಸಿ, ಬೇರೆ ಉಪಕರಣಗಳನ್ನು ತೆಗೆದುಕೊಳ್ಳಬೇಕು. ಭಾರತವೂ ಸೇರಿ 7 ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಚೀತಾ ಅಧ್ಯಯನದಲ್ಲಿ, ಹೀಗೆ ಬದಲಿಸಿದವರಲ್ಲಿ ಗಾಯದ ಸೋಂಕು ಶೇ 16, ಬದಲಿಸದವರಲ್ಲಿ ಶೇ 18.9 ಇತ್ತು. ಸ್ನಾಯುಗಳು ಸಡಿಲವಾಗಿವೆಯೇ ಎಂದು ಅರಿವಳಿಕೆ ವೈದ್ಯರನ್ನು ಕೇಳದೆ ಸೂಜಿ ಹಿಡಿಯಬಾರದು.

ದಾರದ ಆಯ್ಕೆಯಲ್ಲಿ ನನಗೆ ಗೊಂದಲವಿಲ್ಲ: ನಿಧಾನವಾಗಿ ಕರಗುವ, ಒಂಟಿ ಎಳೆಯ ಪಿಡಿಎಸ್. ಫೇಶಿಯಾ ಬಲ ತುಂಬಿಕೊಳ್ಳಲು ತಿಂಗಳುಗಳೇ ಬೇಕು. ಬೇಗ ಕರಗುವ ವಿಕ್ರಿಲ್ ದಾರ ಮೂರು ವಾರಕ್ಕೆ ಅರ್ಧ ಬಲ ಕಳೆದುಕೊಂಡರೆ, ಪಿಡಿಎಸ್ ಆರು ವಾರಕ್ಕೂ ಅರ್ಧಕ್ಕಿಂತ ಹೆಚ್ಚು ಉಳಿಸಿಕೊಂಡಿರುತ್ತದೆ. ಕರಗದ ಪ್ರೋಲೀನ್ ದಾರ ಗಟ್ಟಿಯೇ, ಆದರೆ ತೆಳ್ಳನೆಯ ರೋಗಿಗೆ ಅದರ ಗಂಟು ವರ್ಷಗಟ್ಟಲೆ ಚುಚ್ಚುತ್ತದೆ, ಕೆಲವೊಮ್ಮೆ ಕೀವು ಸೋರುವ ಸಣ್ಣ ಕೊಳವೆ (ಸೈನಸ್) ಆಗುತ್ತದೆ. ಹೆಣೆದ ರೇಷ್ಮೆ ದಾರದ ಎಳೆಗಳಲ್ಲಿ ಬ್ಯಾಕ್ಟೀರಿಯಾ ಅಡಗುವುದರಿಂದ ಕೀವಿನ ಹೊಟ್ಟೆಗೆ ಅದು ಬೇಡವೇ ಬೇಡ. ಬ್ಯಾಕ್ಟೀರಿಯಾ ತಡೆಯುವ ಟ್ರೈಕ್ಲೋಸಾನ್ ಲೇಪಿಸಿದ ದುಬಾರಿ ದಾರಕ್ಕಾಗಿ ರೋಗಿಯ ಮನೆಯವರನ್ನು ಮೆಡಿಕಲ್ ಅಂಗಡಿಗೆ ಅಟ್ಟುವುದೂ ಬೇಡ. 2021ರ ಫಾಲ್ಕನ್ ಅಧ್ಯಯನದಲ್ಲಿ ಅದರಿಂದ ಸೋಂಕು ಕಡಿಮೆಯಾಗಲಿಲ್ಲ. ಅಗ್ಗದ ದಾರದ ಸೂಜಿ ಎರಡನೇ ಹೊಲಿಗೆಗೇ ಬಾಗಿದರೆ ಅದನ್ನು ನೆಟ್ಟಗೆ ಮಾಡುತ್ತ ಕೂರದೆ ಬಿಸಾಡಬೇಕು.

ಕೆಡುವುದು ಹೊಲಿಯುವಾಗ. ಗಾಯದ ಎರಡೂ ತುದಿಗಳಿಂದ ಒಂದೊಂದು ದಾರ ಹೊರಟು ನಡುವೆ ಕೂಡಬೇಕು. ಬಿಳಿ ಪದರವನ್ನಷ್ಟೇ ಹಿಡಿಯಬೇಕು. ಕೊಬ್ಬು, ಸ್ನಾಯು ಸೇರಿದರೆ ಅವು ಸೊರಗಿದ ಮೇಲೆ ದಾರ ಸಡಿಲವಾಗುತ್ತದೆ. ಅಂಚುಗಳು ಒಂದನ್ನೊಂದು ಮುಟ್ಟಿದರೆ ಸಾಕು. ಮೂಟೆಯ ಬಾಯಿ ಹೊಲಿದಂತೆ ಬಿಗಿದರೆ ಅಂಚಿಗೆ ರಕ್ತ ಹರಿಯದೆ, ದಾರ ಕೂತ ಜಾಗ ಕೊಳೆತು ಹರಿಯುತ್ತದೆ. ದಾರ ಹಿಡಿದಿರುವ ಸಹಾಯಕರು ಬಲವಾಗಿ ಎಳೆಯುತ್ತಿಲ್ಲವೇ ಎಂದೂ ನೋಡಿಕೊಳ್ಳಬೇಕು. ಪಿಡಿಎಸ್ ದಾರವನ್ನು ಎಂದೂ ಆರ್ಟರಿ ಫೋರ್ಸೆಪ್ಸ್ ಎಂಬ ಇಕ್ಕಳದಿಂದ ಕಚ್ಚಬಾರದು, ಕಚ್ಚಿದ ಜಾಗದಲ್ಲಿ ಅದು ತುಂಡಾಗುತ್ತದೆ.

ಬಿಗಿತ ಸರಿಯಿದೆಯೇ ಎಂದು ತಿಳಿಯಲು, ಒಳಗೆ ಹೋದ ದಾರದ ಅಳತೆಯೇ ದಾರಿ. ಇಂಗ್ಲೆಂಡಿನ ಸರ್ಜನ್ ಜೆಂಕಿನ್ಸ್ 1976ರಲ್ಲೇ ಹೇಳಿದಂತೆ, ಹೊಟ್ಟೆ ಉಬ್ಬಿದಾಗ ಗಾಯ ಶೇ 30ರಷ್ಟು ಉದ್ದವಾಗಬಲ್ಲದು. ಅದಕ್ಕೆ ಬೇಕಾದ ದಾರ ಮೊದಲೇ ಒಳಗಿರಬೇಕು. 20 ಸೆಂ.ಮೀ. ಗಾಯಕ್ಕೆ ಕನಿಷ್ಠ ಅದರ ನಾಲ್ಕು ಪಟ್ಟು, ಅಂದರೆ 80 ಸೆಂ.ಮೀ. ದಾರ ಹೋಗಬೇಕು. ಕತ್ತರಿಸಿ ಉಳಿದ ತುಂಡುಗಳನ್ನು ಸ್ಕೇಲಿನಿಂದ ಅಳೆದು, ಮೊದಲಿನ ಉದ್ದದಿಂದ ಕಳೆಯಲು ಒಂದು ನಿಮಿಷವೂ ಬೇಡ. ಆದರೂ ಅಳೆಯುವವರು ಅಪರೂಪ.

2015ರ ಡಚ್ ಸ್ಟಿಚ್ ಅಧ್ಯಯನದಲ್ಲಿ, ಅಂಚಿನಿಂದ 5 ಮಿ.ಮೀ. ಬಿಟ್ಟು 5 ಮಿ.ಮೀ.ಗೊಂದು ಸಣ್ಣ ಹೊಲಿಗೆ ಹಾಕಿದವರಲ್ಲಿ ವರ್ಷದೊಳಗೆ ಶೇ 13ರಷ್ಟು ಮಂದಿಗೆ ಹರ್ನಿಯಾ ಆದರೆ, 1 ಸೆಂ.ಮೀ.ನ ದೊಡ್ಡ ಹೊಲಿಗೆಯವರಲ್ಲಿ ಅದು ಶೇ 21 ಇತ್ತು. ಆದರೆ ಅವೆಲ್ಲ ಮೊದಲೇ ದಿನ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಗಳು. ಫೇಶಿಯಾ ಗಟ್ಟಿಯಿದ್ದರೆ ತುರ್ತಿನಲ್ಲೂ ನಾನು 2-0 ಎಂಬ ತೆಳು ಅಳತೆಯ ದಾರದ ಸಣ್ಣ ಹೊಲಿಗೆಯನ್ನೇ ಹಾಕುತ್ತೇನೆ. ಫೇಶಿಯಾ ಊದಿ ಮೆತ್ತಗಾಗಿದ್ದರೆ, ದೆಹಲಿಯ ಏಮ್ಸ್‌ನಲ್ಲಿ ಪರೀಕ್ಷಿಸಿದ ಬಿಡಿಬಿಡಿ ಎಕ್ಸ್ (X) ಆಕಾರದ ಹೊಲಿಗೆಯೇ ಮೇಲು, ಏಕೆಂದರೆ ಒಂದು ಹರಿದರೂ ಉಳಿದವು ಹಿಡಿದಿರುತ್ತವೆ. ಅಂಚುಗಳು ಕೂಡಲು ಬಲ ಹಾಕಲೇಬೇಕಾಗಿ, ವೆಂಟಿಲೇಟರಿನ ಒತ್ತಡ ಏರುತ್ತಿದ್ದರೆ, ಹೊಟ್ಟೆಯನ್ನು ಸದ್ಯಕ್ಕೆ ತೆರೆದೇ ಬಿಡಬೇಕು.

ಮಲ ಚೆಲ್ಲಿದ ಹೊಟ್ಟೆಯಾದರೆ ಚರ್ಮವನ್ನು ಹೊಲಿಯದೆ, ಸಲೈನ್‌ನಲ್ಲಿ ನೆನೆಸಿದ ಗಾಜ್ ಇಟ್ಟು, ಗಾಯ ಶುಚಿಯಾಗಿ ಕಂಡರೆ ನಾಲ್ಕೈದು ದಿನಗಳ ಮೇಲೆ ವಾರ್ಡಿನಲ್ಲೇ ಹೊಲಿಯಬಹುದು.