ಊಟಿ ರೈಲು: ಉಗಿ ಎಂಜಿನ್ ಬೇಕಿದ್ದರೆ ಮೆಟ್ಟುಪಾಳಯಂನಿಂದ ಹತ್ತಿ
ದಾವಣಗೆರೆಯಿಂದ ವಾರಾಂತ್ಯಕ್ಕೆ ಊಟಿಗೆ ಹೊರಟವರು ಬೆಟ್ಟದ ರೈಲಿಗೆ ಊಟಿ–ಕುನೂರು ಟಿಕೆಟ್ ತೆಗೆಸಿ ಸುಮ್ಮನಾಗಬೇಡಿ. ಬೆಟ್ಟದ ಬುಡದ ಮೆಟ್ಟುಪಾಳಯಂನಿಂದ ದಾರಿ ನಡುವಿನ ಕುನೂರಿಗೆ ತೆಗೆಸಿ. ಉಗಿ ಎಂಜಿನ್ ಓಡುವುದು ದಾರಿಯ ಈ ಕೆಳಭಾಗದಲ್ಲಿ. ಕುನೂರಿನಿಂದ ಮೇಲಕ್ಕೆ ಸಾಮಾನ್ಯವಾಗಿ ಡೀಸೆಲ್. ಹನ್ನೆರಡು ಅಡಿಗೆ ಒಂದಡಿ ಏರುವ ದಾರಿಯಾದ್ದರಿಂದ ಎಂಜಿನ್ನಿನ ಹಲ್ಲುಚಕ್ರ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿ ಹಿಡಿಯುತ್ತದೆ, ಬೋಗಿಗಳನ್ನು ಹಿಂದಿನಿಂದ ತಳ್ಳುತ್ತದೆ. ಆ ಏದುಸಿರನ್ನು ಹತ್ತಿರದಿಂದ ಕೇಳಬೇಕೆಂದರೆ ಕೊನೆಯ ಬೋಗಿ. ಪುಟ್ಟ ಮಕ್ಕಳಿದ್ದರೆ ಮುಂದಿನದೇ ವಾಸಿ, ಸುರಂಗದಲ್ಲಿ ಹೊಗೆ ಕಡಿಮೆ. ಇಳಿಯುವಾಗ ಎಂಜಿನ್ ಮುಂದಿರುತ್ತದೆ, ಲೆಕ್ಕ ತಿರುವುಮುರುವು. ರೈಲು ಬೆಳಗ್ಗೆ ಏಳರ ಸುಮಾರಿಗೆ ಹೊರಡುವುದರಿಂದ ಹಿಂದಿನ ರಾತ್ರಿಯೇ ಮೆಟ್ಟುಪಾಳಯಂ ಸೇರಿಕೊಳ್ಳಿ. ಅಕ್ಟೋಬರ್–ನವೆಂಬರ್ ಮಳೆಯಲ್ಲಿ ಮಾತ್ರ ಇದನ್ನು ನಂಬಿಕೊಳ್ಳಬೇಡಿ. ಗುಡ್ಡ ಕುಸಿದು ಸಂಚಾರವೇ ರದ್ದಾಗುವುದುಂಟು.