ಬೆಟ್ಟದ ಅಂಚಿನ ಮನೆ: ಬೆಂಕಿ ಬರುವ ಮುಂಚೆ, ಬಂದು ಹೋದ ಮೇಲೆ

ಸಾಗರ, ಸಿದ್ದಾಪುರ, ಶಿರಸಿ ಕಡೆ ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ತಾಗಿಕೊಂಡ ಮನೆಗಳಿಗೆ ಜನವರಿ ಕೊನೆಯಿಂದ ಮೊದಲ ದೊಡ್ಡ ಮಳೆ ಬೀಳುವವರೆಗೆ ಬೆಂಕಿಯ ಕಾಲ. ಬೆಟ್ಟದಲ್ಲಿ ಎದ್ದ ಬೆಂಕಿ ಸಾಲುಗಟ್ಟಿ ಅಂಗಳಕ್ಕೇ ನುಗ್ಗಿ ಮನೆ ಸುಡುವುದು ಕಡಿಮೆ. ಗಾಳಿಗೆ ಹಾರಿದ ಕಿಡಿ ಚಪ್ಪರದ ಸೋಗೆಯ (ಅಡಿಕೆಯ ಒಣಗರಿಯ) ಮೇಲೋ, ಗೊಣಬೆಯ (ಹುಲ್ಲಿನ ಬಣವೆಯ) ಮೇಲೋ, ಹಂಚಿನ ಸಂದಿಯಲ್ಲಿ ಸಿಕ್ಕಿದ ದರಕಿನ (ಉದುರಿದ ಒಣ ಎಲೆಯ) ಮೇಲೋ ಕೂರುತ್ತದೆ. ಅಷ್ಟು ಹೊತ್ತಿಗೆ ಮನೆಯ ಗಂಡಾಳುಗಳೆಲ್ಲ ಬೆಟ್ಟದಲ್ಲಿ ಬೆಂಕಿ ಬಡಿಯುತ್ತಿರುತ್ತಾರೆ, ಇಲ್ಲಿ ನೋಡುವವರಿರುವುದಿಲ್ಲ. ಬೇಲಿಯಾಚೆ ಬೆಂಕಿ ರೇಖೆ (ಬೆಂಕಿ ದಾಟದಂತೆ ಬೋಳು ಮಾಡಿದ ಪಟ್ಟಿ) ಕಡಿಸಿ ನಿಶ್ಚಿಂತೆಯಿಂದ ಕೂರುವವರೇ ಹೆಚ್ಚು. ನಾನು ಮಾಡುವುದು ಅದಕ್ಕೆ ತಿರುಗುಮುರುಗು: ಕೆಲಸ ಸೂರಿನಲ್ಲಿ ಶುರುವಾಗಿ ಹೊರಗೆ ಹೋಗುತ್ತದೆ, ರೇಖೆ ಕೊನೆಯದು.

ಮೊದಲು ಅಡಿಕೆ ಚಪ್ಪರ. ಕೊಯ್ಲು ಮುಗಿದು ಅಡಿಕೆ ಒಣಗಿ ಚೀಲಕ್ಕೆ ಸೇರಿದ ಮೇಲೂ ಬಿಸಿಲಿಗೆ ನೆರಳಾಗಲಿ ಎಂದು ಸೋಗೆ ಹಾಗೇ ಬಿಡುವುದು ರೂಢಿ. ಫೆಬ್ರವರಿಯಲ್ಲಿ ಆ ಸೋಗೆಗೆ ಒಂದು ಕಿಡಿ ಸಾಕು, ಉರಿ ನೇರ ಸೂರಿನ ರೀಪಿಗೆ ತಲುಪುತ್ತದೆ. ಪೂರ್ತಿ ಇಳಿಸಿಬಿಡುವುದು ಒಳ್ಳೆಯದು. ನೆರಳು ಬೇಕೇ ಬೇಕೆಂದರೆ ಗೋಡೆಗೆ ಹತ್ತಿರದ ಎರಡು ಅಂಕಣದ ಸೋಗೆಯನ್ನೂ ಅಡ್ಡಗಳವನ್ನೂ ತೆಗೆದು, ಚಪ್ಪರಕ್ಕೂ ಮನೆಗೂ ಸಂಬಂಧ ಕಡಿಯಬೇಕು. ಸೋಗೆಯ ಬದಲು ಹಸಿರು ನೆಟ್ ಹಾಕಿದರಾಯಿತು ಎನ್ನುವವರಿದ್ದಾರೆ. ಅದು ಪ್ಲಾಸ್ಟಿಕ್, ಕರಗಿ, ಉರಿಯುತ್ತಲೇ ಹನಿಹನಿಯಾಗಿ ಕೆಳಗೆ ಬೀಳುತ್ತದೆ.

ಹಂಚಿನ ಮಾಡು ತಾನಾಗಿ ಸುಡುವುದಿಲ್ಲ, ಆದರೆ ಅದರ ತುಂಬ ಸಂದಿ. ಮಧ್ಯಾಹ್ನ ಅಟ್ಟ ಹತ್ತಿ, ದೀಪ ಆರಿಸಿ ಮೇಲೆ ನೋಡಿ: ಬೆಳಕು ಕಾಣುವ ಕಡೆಯೆಲ್ಲ ಕಿಡಿ ಬರುತ್ತದೆ. ನೆತ್ತಿಯ ಹಂಚಿನ ಗಾರೆ ಬಿರುಕು ಬಿಟ್ಟಿದ್ದರೆ ಮತ್ತೆ ಮೆತ್ತಿಸಬೇಕು, ಒಡೆದ ಹಂಚು ಬದಲಿಸಬೇಕು. ಗೋಡೆಯ ತಲೆಗೂ ಮಾಡಿಗೂ ನಡುವೆ ಗಾಳಿಗೆಂದು ಬಿಟ್ಟ ಜಾಗ ಎಲ್ಲಕ್ಕಿಂತ ಅಪಾಯದ್ದು. ಅದನ್ನು ಮುಚ್ಚಿದರೆ ಮಳೆಗಾಲದಲ್ಲಿ ಅಟ್ಟ ಬೂಸ್ಟು ಹಿಡಿಯುತ್ತದೆ, ಹಾಗಾಗಿ ಎರಡು ಮೂರು ಮಿಲಿಮೀಟರ್ ಕಣ್ಣಿನ ಕಬ್ಬಿಣದ ಜಾಲರಿ ಹೊಡೆಸುವುದೇ ದಾರಿ. ಸೊಳ್ಳೆಗೆ ಹಾಕುವ ನೈಲಾನ್ ಜಾಲರಿ ಕಿಡಿ ತಾಗಿದ ಕೂಡಲೇ ತೂತಾಗುತ್ತದೆ. ಅಟ್ಟದ ಮೇಲಿನ ಗೋಣಿ, ಹಾಳೆ, ಹಳೆ ಹಾಸಿಗೆ, ಹರಿದ ಟಾರ್ಪಾಲು ಕೆಳಗಿಳಿಯಬೇಕು. ಮಾಡಿನ ಮೇಲೆ, ಎರಡು ಇಳಿಜಾರು ಕೂಡುವ ಮೂಲೆಯಲ್ಲಿ, ನೀರಿನ ದೋಣಿಯಲ್ಲಿ ಸೇರಿದ ದರಕನ್ನು ಬೇಸಿಗೆ ಮುಗಿಯುವವರೆಗೆ ವಾರಕ್ಕೊಮ್ಮೆ ತೆಗೆಯಬೇಕು. ಮಾಡಿನ ಮೇಲೆ ಚಾಚಿದ ಕೊಂಬೆ ಹತ್ತು ಅಡಿ ದೂರಕ್ಕೆ ಸವರಿದರೆ ಈ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಗೋಡೆಯಿಂದ ಐದು ಅಡಿಯೊಳಗೆ ಸುಡುವಂಥದ್ದು ಏನೂ ಇರಬಾರದು. ಇಲ್ಲಿ ಜಗಳವಾಗುವುದು ಸೌದೆಗೆ. ಮಳೆಗಾಲಕ್ಕೆ ಸೂರಿನಡಿ ಗೋಡೆಗೆ ಒತ್ತಿ ಪೇರಿಸಿದ ಸೌದೆ ಜನವರಿಯಲ್ಲೂ ಅರ್ಧ ಹಾಗೇ ಇರುತ್ತದೆ. ಉಳಿದದ್ದನ್ನು ಕನಿಷ್ಠ ಮೂವತ್ತು ಅಡಿ ಆಚೆ ಸಾಗಿಸಿ, ಮೇಲೆ ಮತ್ತು ಬೆಟ್ಟದ ಕಡೆಯ ಮಗ್ಗುಲಿಗೆ ಜಿಂಕ್ ಶೀಟು ಕೊಡಬೇಕು. ಗೊಣಬೆಗೆ ಅರವತ್ತು ಅಡಿಯಾದರೂ ದೂರ ಬೇಕು. ಒಂದೇ ದೊಡ್ಡ ಗೊಣಬೆಗಿಂತ ದೂರ ದೂರ ಎರಡು ಹಾಕಿದರೆ ಒಂದು ಹೋದರೂ ಮಳೆಗಾಲಕ್ಕೆ ದನಕ್ಕೆ ಹುಲ್ಲು ಉಳಿಯುತ್ತದೆ. ಕೊಟ್ಟಿಗೆಯ ಹಿಂದೆ ಗುಡ್ಡೆ ಹಾಕುವ ದರಕಿಗೂ ಇದೇ ಮಾತು.

ದರಕು ತರುವುದೇ ಬೆಂಕಿ ತಡೆಯುವ ಅರ್ಧ ಕೆಲಸ, ಆದರೆ ನಾವು ಅದನ್ನು ಮಾಡುವ ಕ್ರಮ ಸರಿಯಿಲ್ಲ. ದೂರದ ಬೆಟ್ಟದಿಂದ ಗುಡಿಸಿ ತಂದು ಹತ್ತಿರದ್ದನ್ನು ಕೊನೆಗೆ ಬಿಡುತ್ತೇವೆ. ಮನೆಯ ಸುತ್ತಲಿನ ಮೂವತ್ತು ಅಡಿಯಿಂದ ಶುರುಮಾಡಿ ಹೊರಗೆ ಹೋಗಬೇಕು, ಅದೂ ಜನವರಿಯೊಳಗೆ. ಮತ್ತಿ, ಹೊನ್ನೆ, ನಂದಿ ಮುಂದೆ ಮತ್ತೆ ಉದುರಿಸುವುದರಿಂದ ಮಾರ್ಚ್ ಮೊದಲ ವಾರ ಇನ್ನೊಂದು ಸುತ್ತು. ಅಕೇಶಿಯಾ ನೆಡುತೋಪು ಪಕ್ಕದಲ್ಲಿದ್ದರೆ ಸುತ್ತಿಗೆ ಲೆಕ್ಕವಿಲ್ಲ. ಅದರ ಎಲೆ ಬೇಗ ಕೊಳೆಯದೆ ದಪ್ಪಗೆ ಕೂತಿರುತ್ತದೆ. ಈ ಮೂವತ್ತು ಅಡಿಯಲ್ಲಿ ಕರಡವನ್ನು (ಬೆಟ್ಟದ ಒಣಹುಲ್ಲನ್ನು) ನಾಲ್ಕು ಬೆರಳಿಗೆ ಕತ್ತರಿಸಿ, ಮರಗಳ ಕೆಳಕೊಂಬೆಯನ್ನು ಆಳೆತ್ತರಕ್ಕೆ ಸವರಿ, ಮರಕ್ಕೆ ಹಬ್ಬಿದ ಒಣಬಳ್ಳಿ ಎಳೆದು ಹಾಕಬೇಕು. ನೆಲದ ಬೆಂಕಿಯನ್ನು ಕೊಂಬೆಗೆ ಹತ್ತಿಸುವುದು ಆ ಬಳ್ಳಿ, ಲಂಟಾನ ಮತ್ತು ಕಮ್ಯುನಿಸ್ಟ್ ಗಿಡ. ಇಳಿಜಾರಿನ ಕೆಳಬದಿಗೆ ಬಾಳೆಸಾಲು ಇದ್ದರೆ ಒಳ್ಳೆಯದು, ಜೋತುಬಿದ್ದ ಒಣ ಎಲೆ ಕೊಯ್ದು ಹಾಕಿದರೆ ಮಾತ್ರ.

ಇನ್ನು ರೇಖೆ. ಬೆಂಕಿ ಏರಿನಲ್ಲಿ ಓಡುತ್ತದೆ: ಇಳಿಜಾರು ಹತ್ತು ಡಿಗ್ರಿ ಹೆಚ್ಚಾದಂತೆ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಆದ್ದರಿಂದ ಗುಡ್ಡದ ಇಳಿಜಾರಿನ ಮನೆಗೆ ಸುತ್ತಲೂ ಸಮ ಅಗಲದ ರೇಖೆ ದಂಡ. ಮೇಲ್ಬದಿಗೆ ಹತ್ತು ಅಡಿ ಸಾಕಾದಲ್ಲಿ ಕೆಳಬದಿಗೆ ಇಪ್ಪತ್ತು ಅಡಿ ಬೇಕು, ಮಣ್ಣು ಕಾಣುವಷ್ಟು ಚೊಕ್ಕ. ಈಗ ಅರಣ್ಯ ಇಲಾಖೆಯವರು ಬಳಸುವಂಥ ಪೆಟ್ರೋಲ್ ಬ್ಲೋವರ್ ಬಾಡಿಗೆಗೋ ಸಂಘದಿಂದಲೋ ಸಿಕ್ಕರೆ ಕೆಲಸ ಹಗುರ. ದರಕನ್ನು ಮನೆಯ ಕಡೆಗೆ ಊದದೆ ಆಚೆಗೆ ಊದಬೇಕು; ಇಲ್ಲದಿದ್ದರೆ ಪೌಳಿಗೋಡೆಯ ಬುಡದಲ್ಲಿ ಮೊಣಕಾಲುದ್ದ ಗುಡ್ಡೆಯಾಗುತ್ತದೆ. ಬೆಟ್ಟದ ನೆಲದಲ್ಲಿ ಕೈ ಹಾಕುವ ಮುಂಚೆ ವಲಯ ಅರಣ್ಯಾಧಿಕಾರಿಗೆ ಹೇಳಿ, ದರಕು ಮತ್ತು ಪೊದೆ ಮಾತ್ರ ತೆಗೆಯಿರಿ. ರೇಖೆಯನ್ನು ಸುಟ್ಟು ಮಾಡುವುದು ಸುಲಭ ಎನ್ನುವ ಮಾತಿಗೆ ನಾನು ಒಪ್ಪುವುದಿಲ್ಲ. ಒಣಬೊಡ್ಡೆಯ ಬೇರಿನಲ್ಲಿ ಹೊಗೆಯಾಡುತ್ತಿದ್ದ ಬೆಂಕಿ ಮೂರನೇ ದಿನ ಮಧ್ಯಾಹ್ನದ ಗಾಳಿಗೆ ಏಳುತ್ತದೆ, ಕೇಸೂ ಬೀಳುತ್ತದೆ.

ನಮ್ಮದೇ ಅಂಗಳದಿಂದ ಬೆಟ್ಟಕ್ಕೆ ಹೋಗುವ ಬೆಂಕಿಯೂ ಉಂಟು. ಬಚ್ಚಲ ಒಲೆಯ ಬೂದಿಯನ್ನು ಸಂಜೆ ಗೊಬ್ಬರಗುಂಡಿಗೆ ಸುರಿದರೆ ಒಳಗಿನ ಕೆಂಡ ಮರುದಿನವೂ ಜೀವಂತ. ನೀರು ಹಾಕಿ, ತಗಡಿನ ಡಬ್ಬದಲ್ಲಿ ಎರಡು ದಿನ ಇಟ್ಟು ಆಮೇಲೆ ಹಾಕಬೇಕು. ಅಡಿಕೆ ಸಿಪ್ಪೆಯ ರಾಶಿಗೆ ಬೆಂಕಿ ಇಡುವುದಂತೂ ಬೇಡವೇ ಬೇಡ. ಮೇಲೆ ಆರಿದಂತೆ ಕಂಡರೂ ಒಳಗೆ ದಿನಗಟ್ಟಲೆ ಉರಿಯುತ್ತಿರುತ್ತದೆ, ಮೇಲಿಂದ ಎರಚಿದ ನೀರು ಅಲ್ಲಿಗೆ ಇಳಿಯುವುದಿಲ್ಲ.

ನೀರಿನ ವ್ಯವಸ್ಥೆಯಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಕರೆಂಟು ಪಂಪಿನ ಮೇಲೆ ನಂಬಿಕೆ. ತಂತಿಯ ಕೆಳಗೆ ಬೆಂಕಿ ಬಂದರೆ 1912ಕ್ಕೋ ಲೈನ್‌ಮ್ಯಾನ್‌ಗೋ ಹೇಳಿ ಲೈನು ತೆಗೆಸಲೇಬೇಕು, ಅಲ್ಲಿಗೆ ಪಂಪು ನಿಂತಿತು. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಪೆಟ್ರೋಲ್ ಎಂಜಿನ್‌ನ ದೋಟಿ ಪಂಪು ಮಾತ್ರ ಹೆಚ್ಚಿನ ಮನೆಗಳಲ್ಲಿ ಇದ್ದೇ ಇರುತ್ತದೆ, ಬೇಸಿಗೆಯಿಡೀ ಮೂಲೆಯಲ್ಲಿ ಕೂತಿರುತ್ತದೆ. ಔಷಧಿ ಮುಗಿದ ಮೇಲೆ ಸುಣ್ಣ ಕಟ್ಟಿದ ನಾಜಲ್, ಫಿಲ್ಟರ್ ತೊಳೆದು, ಹಳೆ ಪೆಟ್ರೋಲ್ ಚೆಲ್ಲಿ, ಕಾರ್ಬುರೇಟರ್ ಸ್ವಚ್ಛ ಮಾಡಿ, ಹದಿನೈದು ದಿನಕ್ಕೊಮ್ಮೆ ಐದು ನಿಮಿಷ ಓಡಿಸಿ ಇಡಬೇಕು. ಪೈಪು ಮಾಡಿನ ನೆತ್ತಿಗೂ ಕೊಟ್ಟಿಗೆಗೂ ಮುಟ್ಟಬೇಕು. ಇನ್ನೂರು ಲೀಟರಿನ ಡ್ರಮ್ಮು ಇದಕ್ಕೆ ಹತ್ತು ನಿಮಿಷದ ನೀರು. ಹಾಗಾಗಿ ಗುರುತ್ವದಲ್ಲಿ ಡ್ರಮ್ಮು ತುಂಬುವಂತೆ ಮೇಲಿನ ಟ್ಯಾಂಕಿಯಿಂದ ಒಂದು ಬೇರೆ ನಲ್ಲಿ ಕೊಡಿ. ಹದಿನಾರು ಲೀಟರಿನ ನಾಲ್ಕು ಬೆನ್ನಿನ ಸ್ಪ್ರೇಯರ್ ಇದ್ದರೆ ಉರಿ ಆರಿದ ಮೇಲೆ ಬೊಡ್ಡೆ ತಣಿಸಲು ಬಹಳ ಉಪಯೋಗ. ಕಳೆನಾಶಕ ಹೊಡೆದ ಕ್ಯಾನು ಮಾತ್ರ ಬೇಡ.

ಸುದ್ದಿ ಬೇಗ ತಿಳಿಯುವುದಕ್ಕೆ ಭಾರತೀಯ ಅರಣ್ಯ ಸಮೀಕ್ಷೆಯ ಬೆಂಕಿ ಎಚ್ಚರಿಕೆಗೆ ಯಾರು ಬೇಕಾದರೂ ಮೊಬೈಲ್ ಸಂಖ್ಯೆ ನೋಂದಾಯಿಸಬಹುದು. ಉಪಗ್ರಹ ಬಿಸಿ ಕಂಡ ಜಾಗ ಮೆಸೇಜಿನಲ್ಲಿ ಬರುತ್ತದೆ. ಅದರ ಒಂದು ಚುಕ್ಕೆ ಎಂದರೆ ಹೆಚ್ಚುಕಡಿಮೆ 375 ಮೀಟರ್ ಚೌಕ, ಉಪಗ್ರಹ ದಾಟುವುದೂ ದಿನಕ್ಕೆ ಕೆಲವೇ ಸಲ. ಪಕ್ಕದ ಗುಡ್ಡದ ಹೊಗೆ ಮೊದಲು ಕಾಣುವುದು ಕಣ್ಣಿಗೇ. ಕಂಡ ಕೂಡಲೇ ಅರಣ್ಯ ಇಲಾಖೆಯ 1926, ಅಗ್ನಿಶಾಮಕಕ್ಕೆ 101 ಅಥವಾ 112. ಗಾಡಿ ತಾಲ್ಲೂಕು ಕೇಂದ್ರದಿಂದ ಬರಬೇಕು. ದಣಪೆ (ಬೇಲಿಯ ಬಾಗಿಲು), ಮೋರಿ, ತಿರುವು ಅದಕ್ಕೆ ಸಾಲುತ್ತದೆಯೇ ಎಂದು ಮೊದಲೇ ನೋಡಿರಬೇಕು.

ಬೆಂಕಿ ಈ ಕಡೆ ತಿರುಗಿತು ಎಂದಾದ ಮೇಲೆ ಕ್ರಮ ತಪ್ಪಬಾರದು. ಬೆಟ್ಟದೊಳಗೆ ಹಾಯುವ ಒಂದೇ ರಸ್ತೆಯಿದ್ದರೆ ವಯಸ್ಸಾದವರು, ಮಕ್ಕಳು, ಉಬ್ಬಸದವರು ಹೊಗೆ ರಸ್ತೆಗೆ ಕವಿಯುವ ಮುಂಚೆ ಹೊರಡಬೇಕು. ದನಗಳ ಕಣ್ಣಿ ಬಿಚ್ಚಿ, ಬೇಲಿ ದಣಪೆ ತೆರೆದು, ಗದ್ದೆಬಯಲಿನ ಕಡೆ ಅಟ್ಟಬೇಕು. ನೈಲಾನ್ ಹಗ್ಗ ಬಿಸಿಗೆ ಕರಗಿ ಕತ್ತಿಗೆ ಅಂಟುತ್ತದೆ, ಬೇಸಿಗೆಗಾದರೂ ನಾರಿನ ಹಗ್ಗ ಇರಲಿ. ಗ್ಯಾಸ್ ಸಿಲಿಂಡರ್ ಮತ್ತು ಪೆಟ್ರೋಲ್ ಕ್ಯಾನು ಬೋಳು ಜಾಗಕ್ಕೆ. ಕಿಟಕಿ ಬಾಗಿಲು ಹಾಕಿ ಪರದೆ ಕಳಚಿ ತೆಗೆಯಿರಿ. ಮೈಮೇಲೆ ಹತ್ತಿ ಬಟ್ಟೆ, ಕಾಲಿಗೆ ಚರ್ಮದ ಬೂಟು. ಪಾಲಿಸ್ಟರ್ ಲುಂಗಿ ಉಟ್ಟು ಬೆಂಕಿಗೆ ಹೋಗುವುದು ಹುಚ್ಚು. ಒದ್ದೆ ಕಂಬಳಿಗಿಂತ ಒಳ್ಳೆ ಆಯುಧ ನಮ್ಮ ಮನೆಗಳಲ್ಲಿ ಇಲ್ಲ, ಉಣ್ಣೆ ಸುಲಭಕ್ಕೆ ಹೊತ್ತುವುದಿಲ್ಲ. ಹಸಿಸೊಪ್ಪಿನ ಕೊಂಬೆಯಿಂದ ಬಡಿಯುವಾಗ ಎತ್ತಿ ಎತ್ತಿ ಹೊಡೆದರೆ ಕಿಡಿ ಹಿಂದಕ್ಕೆ ಹಾರುತ್ತದೆ. ಸುಟ್ಟ ಜಾಗದ ಕಡೆಗೆ ಒತ್ತಿ ಎಳೆಯಬೇಕು. ಏರಿ ಬರುವ ಬೆಂಕಿಗೆ ಮೇಲಿಂದ ಎದುರು ನಿಲ್ಲಬಾರದು, ಬದಿಯಿಂದ ಹಿಂಡಬೇಕು. ಮನೆಯ ಹತ್ತಿರ ಇಬ್ಬರು ಏನೇ ಆದರೂ ಜಾಗ ಬಿಡಬಾರದು: ಒಬ್ಬರು ಅಟ್ಟಕ್ಕೆ, ಒಬ್ಬರು ಸೂರಿನ ಸುತ್ತ. ಬೆಂಕಿ ದಾಟಿ ಹೋದ ಮೇಲೂ ಆ ರಾತ್ರಿ ಅರ್ಧ ಗಂಟೆಗೊಮ್ಮೆ ಅಟ್ಟ ನೋಡುವುದು ಅವರ ಕೆಲಸ.

ಸುಟ್ಟು ಹೋದ ಮೇಲಿನ ಕೆಲಸಕ್ಕೆ ನಮ್ಮಲ್ಲಿ ಒಂದೇ ಗಡುವು, ಜೂನ್ ಮಳೆ. ಜಂಬಿಟ್ಟಿಗೆ ಗೋಡೆ ಸಾಮಾನ್ಯವಾಗಿ ಬೆಂಕಿಗೆ ನಿಲ್ಲುತ್ತದೆ, ಮಾಡಿಲ್ಲದೆ ಮಳೆಗೆ ನಿಲ್ಲುವುದಿಲ್ಲ. ಅದರಲ್ಲೂ ಮಣ್ಣಿನ ಗಾರೆಯದ್ದು. ಆದರೂ ಒಂದು ಹಂಚು ಎತ್ತಿಡುವ ಮುಂಚೆ ಎಲ್ಲ ಕೋಣೆಯ ನಾಲ್ಕೂ ಮೂಲೆಯಿಂದ ಫೋಟೋ, ವಿಡಿಯೋ ಆಗಬೇಕು. ಪೊಲೀಸ್ ದೂರು, ಅಗ್ನಿಶಾಮಕ ಠಾಣೆಯ ವರದಿ, ಬೆಂಕಿ ಬೆಟ್ಟದಿಂದ ಬಂದಿದ್ದರೆ ಅರಣ್ಯ ಇಲಾಖೆಯ ಪತ್ರ, ಗ್ರಾಮ ಆಡಳಿತಾಧಿಕಾರಿಯ ಪಂಚನಾಮೆ, ಇಷ್ಟೂ ಒಂದೇ ದಿನಾಂಕ, ಒಂದೇ ಕಾರಣ ಹೇಳಬೇಕು. ಒಂದರಲ್ಲಿ ಶಾರ್ಟ್ ಸರ್ಕ್ಯೂಟ್, ಇನ್ನೊಂದರಲ್ಲಿ ಕಾಡ್ಗಿಚ್ಚು ಎಂದಿದ್ದರೆ ಕಡತ ಅಲ್ಲೇ ಕೂರುತ್ತದೆ. ಸತ್ತ ದನವನ್ನು ಪಶುವೈದ್ಯರ ಮರಣೋತ್ತರ ಪರೀಕ್ಷೆ ಆಗದೆ ಹೂಳಬಾರದು.

ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಬೆಂಕಿಯೂ ಇದೆ. 2022ರಿಂದ 2026ರವರೆಗಿನ ಕೇಂದ್ರದ ದರದಂತೆ ಪೂರ್ತಿ ಹೋದ ಮನೆಗೆ ಬಯಲಿನಲ್ಲಿ 1,20,000, ಗುಡ್ಡಗಾಡಿನಲ್ಲಿ 1,30,000 ರೂಪಾಯಿ. ಹಾಲು ಕರೆಯುವ ಹಸು ಎಮ್ಮೆಗೆ ತಲಾ 37,500. ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500, ಅದೂ ಎರಡು ಹೆಕ್ಟೇರಿನವರೆಗೆ. ಇದರಿಂದ ಮನೆ ಕಟ್ಟಲಾಗುವುದಿಲ್ಲ. ಕಟ್ಟಲು ಬೇಕಾದ ಹಣ ಬರುವುದು ವಿಮೆಯಿಂದ, ಅದನ್ನು ಮಾಡಿಸಿದ ಮನೆ ನಮ್ಮ ಸೀಮೆಯಲ್ಲಿ ಬಹಳ ಕಡಿಮೆ. 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಹೆಸರಿನ ಒಂದೇ ನಮೂನೆಯ ಪಾಲಿಸಿ ಇದೆ, ಕಾಡಿನ ಬೆಂಕಿಯನ್ನೂ ಹೆಸರಿಸಿ ಸೇರಿಸಿದೆ. ಮನೆಯ ಸಾಮಾನಿಗೆ ಕಟ್ಟಡದ ಮೊತ್ತದ ಶೇ. 20, ಗರಿಷ್ಠ 10 ಲಕ್ಷ ತಾನಾಗಿ ಸೇರುತ್ತದೆ. ಅವಶೇಷ ತೆಗೆಯಲು ಕ್ಲೇಮಿನ ಶೇ. 2, ಎಂಜಿನಿಯರ್ ಶುಲ್ಕಕ್ಕೆ ಶೇ. 5ರವರೆಗೆ ಬೇರೆ. ಅರ್ಜಿಯಲ್ಲಿ ಹಂಚಿನ ಮಾಡು, ಮರದ ಅಟ್ಟ ಎಂದು ಇದ್ದದ್ದು ಇದ್ದ ಹಾಗೆ ಬರೆಸಿ. ಮಾರಾಟಕ್ಕೆಂದು ಚೀಲ ಕಟ್ಟಿಟ್ಟ ಅಡಿಕೆ ಮನೆಯ ಸಾಮಾನಲ್ಲ, ಅದಕ್ಕೆ ಬೇರೆಯೇ ವಿಮೆ ಬೇಕು. ಅಡಿಕೆಯ ಹವಾಮಾನ ಆಧಾರಿತ ಬೆಳೆ ವಿಮೆ ಬೆಂಕಿಗೆ ಕೊಡುವುದಿಲ್ಲ. ಸರ್ವೇಯರ್ ಬಂದು ನೋಡುವವರೆಗೆ ಅವಶೇಷ ಕದಲಿಸಬೇಡಿ, ಕದಲಿಸಲೇಬೇಕಾದರೆ ಬರವಣಿಗೆಯಲ್ಲಿ ತಿಳಿಸಿ.

ಬೂದಿಯನ್ನು ಒಣಗಿದ್ದಾಗ ಗುಡಿಸಬಾರದು. ಕೊಟ್ಟಿಗೆಗೆ ಹಳೆಯ ಸಿಮೆಂಟ್ ಶೀಟು ಇದ್ದರೆ ಅದು ಬಿಸಿಗೆ ಸಿಡಿದಿರುತ್ತದೆ, ಒಳಗಿನ ಕಲ್ನಾರು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ, ಪಿ-100 ದರ್ಜೆಯ ಮಾಸ್ಕ್ ಹಾಕಿಕೊಂಡು ಎತ್ತಬೇಕು. ಕಪಾಟು ಇದ್ದ ಜಾಗದ ಬೂದಿಯನ್ನು ಎಸೆಯದೆ ಜರಡಿ ಹಿಡಿಯಿರಿ, ಕರಗಿದ ಚಿನ್ನ ಗುಂಡಾಗಿ ಸಿಗುತ್ತದೆ. ಸುಟ್ಟ ನೋಟಿನ ಕಟ್ಟನ್ನು ಬಿಡಿಸಲು ಹೋಗಬೇಡಿ. ಕರಕಾಗಿ ಪುಡಿಯಾಗುವ ನೋಟನ್ನು ಬ್ಯಾಂಕಿನ ಶಾಖೆಯವರು ತೆಗೆದುಕೊಳ್ಳುವುದಿಲ್ಲ. ಹತ್ತಿ ಹಾಕಿದ ಡಬ್ಬದಲ್ಲಿ ಹಾಗೇ ಇಟ್ಟು ಬೆಂಗಳೂರಿನ ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕಿಗೆ ಒಯ್ಯಬೇಕು. ಪಹಣಿ ಆನ್‌ಲೈನಿನಲ್ಲಿ ಸಿಗುತ್ತದೆ, ಕ್ರಯಪತ್ರದ ದೃಢೀಕೃತ ನಕಲು ಉಪನೋಂದಣಿ ಕಚೇರಿಯಲ್ಲಿ. ಮನೆಯ ಹಿರಿಯರ ಕೈಬರಹದ ವಿಭಾಗಪತ್ರ ನೋಂದಣಿಯಾಗದೆ ಪೆಟ್ಟಿಗೆಯಲ್ಲಿದ್ದರೆ ಅದು ಹೋದದ್ದು ಹೋಯಿತು, ಈಗಲೇ ಸ್ಕ್ಯಾನ್ ಮಾಡಿಸಿ.

ಉಳಿದ ಮರ ಮಾಡಿಗೆ ಬರುತ್ತದೆಯೇ ಎಂಬುದಕ್ಕೆ ಉಳಿ ಹಿಡಿದು ಕರಿ ಕೆರೆಯಬೇಕು. ಬೆಳ್ಳಗೆ ಗಟ್ಟಿ ತಿರುಳು ಸಿಕ್ಕ ಕಡೆ ಅಳತೆ ತೆಗೆದು, ಆರು ಇಂಚಿನ ತೊಲೆಯಲ್ಲಿ ಐದು ಇಂಚು ಉಳಿದಿದ್ದರೆ ಬಡಗಿಯನ್ನು ಕೇಳಿ ಹಗುರ ಜಾಗಕ್ಕೆ ಬಳಸಬಹುದು. ತೊಲೆಯ ತುದಿ ಗೋಡೆಯೊಳಗೆ ಕೂತಿದ್ದ ಭಾಗವನ್ನೂ ಬಿಡಿಸಿ ನೋಡಿ. ಬಿಸಿ ಹಂಚಿಗೆ ನೀರು ಬಿದ್ದು ಕಣ್ಣಿಗೆ ಕಾಣದ ಬಿರುಕು ಬಂದಿರುತ್ತದೆ. ಬೆರಳಿನಿಂದ ತಟ್ಟಿದಾಗ ಠಣ್ ಎನ್ನದ ಹಂಚು ಬೇಡ. ತಾರಸಿ ಇದ್ದರೆ ಕಾಂಕ್ರೀಟಿನ ಬಣ್ಣ ನೋಡಿ: ನಸುಗೆಂಪಾಗಿದ್ದರೆ ಸುಮಾರು 300 ಡಿಗ್ರಿ ದಾಟಿ ಕಾದಿದೆ, ಎಂಜಿನಿಯರ್ ನೋಡದೆ ಕೆಳಗೆ ಮಲಗಬಾರದು. ವೈರಿಂಗ್ ಹೊರಗೆ ಚೆನ್ನಾಗಿ ಕಂಡರೂ ಪೈಪಿನೊಳಗೆ ಕರಗಿ ಅಂಟಿರುತ್ತದೆ, ಪೂರ್ತಿ ಬದಲಿಸಿದ ಮೇಲೆಯೇ ಮೀಟರ್.

ತೋಟದ ಅಂಚಿನ ಬಾಡಿದ ಅಡಿಕೆ ಮರಕ್ಕೆ ಕೂಡಲೇ ಕತ್ತಿ ಹಾಕಬೇಡಿ. ಸುಳಿ ಹಸಿರಿದ್ದರೆ ಮಳೆಗಾಲದವರೆಗೆ ಕಾಯಬಹುದು. ಪಡುವಣ ಮತ್ತು ತೆಂಕಣ ಮಗ್ಗುಲಿಗೆ ಸುಣ್ಣ ಬಳಿದರೆ ಬಿಸಿಲಿಗೆ ಕಾಂಡ ಸೀಳುವುದು ಕಡಿಮೆ. ಮೆಣಸಿನ ಬಳ್ಳಿ ಹೋದಂತೆಯೇ ಲೆಕ್ಕ, ಬುಡದಲ್ಲಿ ಚಿಗುರಿದರೆ ಲಾಭ. ಬೋಳಾದ ಇಳಿಜಾರಿಗೆ ಮೇ ಮುಗಿಯುವುದರೊಳಗೆ ಅಡ್ಡಕ್ಕೆ ಇಂಗುಗುಂಡಿ ತೆಗೆಸದಿದ್ದರೆ ಮೊದಲ ಮಳೆಗೆ ಬೂದಿ, ಮಣ್ಣು ಎರಡೂ ಬಾವಿಗೆ ಇಳಿಯುತ್ತವೆ.