18 ವೋಲ್ಟ್ ಬ್ಯಾಟರಿ, ಬೇರೆ ಕಂಪನಿಯ ಮಿಷನ್: ನನ್ನ ಅನುಭವ

ಕಟಪಾಡಿಯಲ್ಲಿ ನನ್ನದು ಸಣ್ಣ ಫ್ಯಾಬ್ರಿಕೇಶನ್ ಕೆಲಸ. ಗೇಟು, ಗ್ರಿಲ್ಲು, ಟೆರೇಸಿಗೆ ಶೀಟು. ಏಪ್ರಿಲ್ ಮೇ ಬಂತೆಂದರೆ ಊಟಕ್ಕೂ ಪುರುಸೊತ್ತಿಲ್ಲ, ಮಳೆ ಹಿಡಿಯುವ ಮೊದಲು ಶೀಟು ಹಾಕಿ ಕೊಡಿ ಎಂದು ಉಡುಪಿಯಿಂದ ಪಡುಬಿದ್ರಿವರೆಗೆ ಎಲ್ಲರೂ ಒಟ್ಟಿಗೇ ಫೋನ್ ಮಾಡುತ್ತಾರೆ. ಶೀಟಿನ ಮೇಲೆ ವಯರ್ ಎಳೆದುಕೊಂಡು ಓಡಾಡುವುದು ಅಪಾಯ, ಅದರಲ್ಲೂ ಒಂದು ಮಳೆ ಬಿದ್ದ ಮೇಲೆ. ಹಾಗಾಗಿ ನಿಧಾನಕ್ಕೆ ಕಾರ್ಡ್‌ಲೆಸ್‌ಗೆ, ಅಂದರೆ ಬ್ಯಾಟರಿ ಮಿಷನ್‌ಗೆ ಬಂದೆ.

ಆದರೆ ಎಲ್ಲಾ ಒಂದೇ ಕಂಪನಿಯದ್ದು ತೆಗೆದುಕೊಳ್ಳಲಿಲ್ಲ. ಮೊದಲು ಒಂದು ಡ್ರಿಲ್ ಬಂತು, ಎರಡು ಬ್ಯಾಟರಿ ಸಮೇತ. ಆಮೇಲೆ ಮಂಗಳೂರಿನ ಬಂದರು ಕಡೆ ಬೇರೆ ಕಂಪನಿಯ ಇಂಪ್ಯಾಕ್ಟ್ ಡ್ರೈವರ್, ಅಂದರೆ ಸ್ಕ್ರೂ ಬಿಗಿಯುವ ಮಿಷನ್, ಕಡಿಮೆ ರೇಟಿಗೆ ಸಿಕ್ಕಿತು, ಬ್ಯಾಟರಿ ಇಲ್ಲದೆ ಬರೀ ಮಿಷನ್. ಎರಡರ ಮೇಲೂ 18 ವೋಲ್ಟ್ ಎಂದೇ ಬರೆದಿತ್ತು. ಹೊಸ ಬ್ಯಾಟರಿ, ಚಾರ್ಜರ್ ಎಂದರೆ ಮತ್ತೆ ಮಿಷನ್‌ನಷ್ಟೇ ಖರ್ಚು. ಡ್ರಿಲ್‌ನ ಬ್ಯಾಟರಿ ಇಂಪ್ಯಾಕ್ಟ್‌ಗೆ ಕೂರುವಂತೆ ನಡುವೆ ಒಂದು ಅಡಾಪ್ಟರ್ ಹಾಕಿದರೆ ಆಯಿತಲ್ವಾ ಅಂತ ಆನ್‌ಲೈನಲ್ಲಿ ತರಿಸಿದೆ.

ವೋಲ್ಟೇಜ್ ವಿಷಯದಲ್ಲಿ ನನ್ನ ಲೆಕ್ಕ ತಪ್ಪಿರಲಿಲ್ಲ. 18 ವೋಲ್ಟ್ ಪ್ಯಾಕ್‌ನ ಒಳಗೆ ಸಾಲಾಗಿ 5 ಲಿಥಿಯಂ ಸೆಲ್ ಇರುತ್ತವೆ. ಒಂದೊಂದೂ 3.6 ವೋಲ್ಟ್, ಐದಕ್ಕೆ 18. ಫುಲ್ ಚಾರ್ಜ್ ಆದಾಗ ಒಂದು ಸೆಲ್ 4.2ರ ತನಕ ಹೋಗುತ್ತದೆ, ಆಗ ಮೀಟರಿನಲ್ಲಿ 21 ಕಾಣುತ್ತದೆ. ಅದಕ್ಕೇ ಕೆಲವರು 20 ವೋಲ್ಟ್ ಮ್ಯಾಕ್ಸ್ ಎಂದು ಬರೆಯುವುದು. ಡಿವಾಲ್ಟ್‌ನವರು ಅಮೆರಿಕದಲ್ಲಿ 20 ಮ್ಯಾಕ್ಸ್ ಎಂದು, ಯುರೋಪಿನಲ್ಲಿ 18 ಎಂದು ಮಾರುವುದು ಇದೇ 5 ಸೆಲ್‌ನ ಪ್ಯಾಕ್. ಇನ್ನು ಹೆಸರಿಲ್ಲದ ಮಿಷನ್‌ಗಳ ಬ್ಯಾಟರಿ ಮೇಲೆ 48, 88, 128 ಎಂದೆಲ್ಲ ದೊಡ್ಡದಾಗಿ ಹಾಕಿರುತ್ತಾರೆ. ಅಂಥದ್ದೊಂದನ್ನು ಬಿಚ್ಚಿ ನೋಡಿದ್ದೇನೆ, ಒಳಗೆ ಇದ್ದದ್ದು ಅದೇ 5 ಸೆಲ್. ಇದಕ್ಕೆ ದಯವಿಟ್ಟು ಮರುಳಾಗಬೇಡಿ.

ಅಡಾಪ್ಟರ್ ಹಾಕಿದೆ, ಇಂಪ್ಯಾಕ್ಟ್ ತಿರುಗಿತು. ಎರಡು ವಾರ ಎಂತ ತೊಂದರೆಯೂ ಇಲ್ಲ.

ಆಮೇಲೆ ಮಲ್ಪೆ ಹತ್ತಿರ ಒಂದು ಮನೆಯ ಶೀಟಿನ ಕೆಲಸ. ಸಂಜೆಯಾಗಿತ್ತು, ಪಡುವಣದಲ್ಲಿ ಮೋಡ ಕಟ್ಟಿತ್ತು, ಇನ್ನು ಇಪ್ಪತ್ತು ಸ್ಕ್ರೂ ಬಾಕಿ. ಮಿಷನ್ ಸದ್ದು ಇಳಿಯುತ್ತಾ ಬಂತು, ಆದರೂ ನಿಲ್ಲಲಿಲ್ಲ. ಇದೇ ಬ್ಯಾಟರಿಯನ್ನು ಅದರ ಸ್ವಂತ ಡ್ರಿಲ್‌ಗೆ ಹಾಕಿದ್ದರೆ ಆಗಲೇ ಟಕ್ ಎಂದು ನಿಂತಿರುತ್ತಿತ್ತು. ಕೆಲಸ ಮುಗಿಯಿತಲ್ಲ ಎಂದು ಖುಷಿಪಟ್ಟು, ಅಡಾಪ್ಟರ್ ಸಮೇತ ಬ್ಯಾಗಿಗೆ ಹಾಕಿದೆ. ಆ ಅಡಾಪ್ಟರಿನಲ್ಲಿ ಒಂದು ಸಣ್ಣ ನೀಲಿ ಲೈಟು, ಮೊಬೈಲ್ ಚಾರ್ಜ್ ಮಾಡಲು ಯುಎಸ್‌ಬಿ ಬೇರೆ. ಮಳೆ ಹಿಡಿಯಿತು, ನಾಲ್ಕು ದಿನ ಬ್ಯಾಗು ಮುಟ್ಟಲಿಲ್ಲ.

ಐದನೇ ದಿನ ಚಾರ್ಜರಿಗೆ ಹಾಕಿದರೆ ಕೆಂಪು ಲೈಟು ಮಿಣಿಮಿಣಿ. ಮಲ್ಟಿಮೀಟರ್ ಹಿಡಿದೆ, 8.6 ವೋಲ್ಟ್. ಪ್ಯಾಕ್ ಬಿಚ್ಚಿ ಸೆಲ್‌ಗಳನ್ನು ಒಂದೊಂದಾಗಿ ನೋಡಿದೆ. ನಾಲ್ಕು ಎರಡರ ಹತ್ತಿರ, ಒಂದು ಮಾತ್ರ 0.7. ಈ ಸೆಲ್‌ಗಳನ್ನು 2.5ಕ್ಕಿಂತ ಕೆಳಗೆ ಇಳಿಸಲೇಬಾರದು.

ಆಗ ಅಡಾಪ್ಟರಿನ ನಾಲ್ಕು ಸ್ಕ್ರೂ ತೆಗೆದು ಒಳಗೆ ಏನುಂಟು ನೋಡಿದೆ. ಪ್ಲಸ್‌ಗೆ ಒಂದು ಪಟ್ಟಿ, ಮೈನಸ್‌ಗೆ ಒಂದು ಪಟ್ಟಿ, ನಾಲ್ಕು ದಿನವೂ ಬ್ಯಾಟರಿ ಕುಡಿದ ಆ ಲೈಟಿನ ಸಣ್ಣ ಬೋರ್ಡು. ಬ್ಯಾಟರಿಯ ಉಳಿದ ಕಾಲುಗಳೆಲ್ಲ (ಟರ್ಮಿನಲ್) ಪ್ಲಾಸ್ಟಿಕ್‌ಗೆ ತಾಗಿ ಸುಮ್ನೆ ಕೂತಿದ್ದವು. ವಿಷಯ ಇರುವುದೇ ಆ ಉಳಿದ ಕಾಲುಗಳಲ್ಲಿ ಮಾರಾಯ್ರೆ. ಸಾಕು ನಿಲ್ಲಿಸು ಎಂದು ಯಾರು ಹೇಳಬೇಕು ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಮಕಿತಾದ 18 ವೋಲ್ಟ್ ಸೀರೀಸ್ ಆದ ಎಲ್‌ಎಕ್ಸ್‌ಟಿಯ ನಕ್ಷತ್ರ ಗುರುತಿನ ಬ್ಯಾಟರಿಯಲ್ಲಿ ಒಳಗಿನ ಬೋರ್ಡು ಹಳದಿ ಕನೆಕ್ಟರ್ ಮೂಲಕ ಮಿಷನ್‌ಗೆ ಸುದ್ದಿ ಮುಟ್ಟಿಸುತ್ತದೆ. ಡಿವಾಲ್ಟ್ ಬ್ಯಾಟರಿಯ ಬಾಯಿ ನೋಡಿ, ಸಿ1ರಿಂದ ಸಿ4, ಟಿಎಚ್, ಐಡಿ ಎಂದು ಬರೆದಿರುತ್ತದೆ. ಸಿ ಎಂದರೆ ಒಳಗಿನ ಸೆಲ್‌ಗಳ ನಡುವಿನಿಂದ ಬಂದ ಕಾಲು, ಟಿಎಚ್ ಎಂದರೆ ಬಿಸಿ ಅಳೆಯುವುದು. ಅಲ್ಲಿ ವೋಲ್ಟೇಜ್ ಇಳಿದಾಗ ನಿಲ್ಲಿಸುವ ಕೆಲಸ ಮಿಷನ್‌ನದ್ದು. ಅಡಾಪ್ಟರ್ ಇಂಥ ಮಾತನ್ನೆಲ್ಲ ದಾಟಿಸುವುದಿಲ್ಲ. ಮಿಷನ್ ನೋಡಿಕೊಳ್ಳುತ್ತದೆ ಎಂದು ಬ್ಯಾಟರಿ ಕೂತಿರುತ್ತದೆ, ಬ್ಯಾಟರಿ ನೋಡಿಕೊಳ್ಳುತ್ತದೆ ಎಂದು ಮಿಷನ್. ಕೊನೆಗೆ ಯಾರೂ ನೋಡುವುದಿಲ್ಲ.

ಪರಿಚಯದವರೊಬ್ಬರು, ಇನ್ನೊಂದು ಬ್ಯಾಟರಿಯಿಂದ ಎರಡು ನಿಮಿಷ ವಯರ್ ತಾಗಿಸಿ ಎಬ್ಬಿಸು, ಚಾರ್ಜರ್ ತೆಗೆದುಕೊಳ್ಳುತ್ತದೆ ಎಂದರು. ತೆಗೆದುಕೊಳ್ಳುತ್ತದೆ, ಹೌದು. ಆದರೆ ಸೆಲ್ ಅಷ್ಟು ಕೆಳಗೆ ಇಳಿದಾಗ ಒಳಗಿನ ತಾಮ್ರದ ಹಾಳೆಯೇ ಕರಗಲು ಶುರುವಾಗುತ್ತದೆ. ತಿರುಗಿ ಚಾರ್ಜ್ ಮಾಡುವಾಗ ಆ ತಾಮ್ರ ಬೇರೆ ಕಡೆ ಕೂತು ಒಳಗೇ ಶಾರ್ಟ್ ಆಗಬಹುದು. ರಾತ್ರಿ ಶೆಡ್ಡಿನಲ್ಲಿ ಪೇಂಟು, ಥಿನ್ನರ್ ಪಕ್ಕದಲ್ಲಿ ಅಂಥ ಪ್ಯಾಕ್ ಚಾರ್ಜಿಗೆ ಇಟ್ಟು ಮನೆಗೆ ಹೋಗಿ ಮಲಗಲು ನನಗೆ ಧೈರ್ಯ ಬರಲಿಲ್ಲ. ಆ ಪ್ಯಾಕ್ ಬಿಟ್ಟೆ. ಹುಡುಗರಿಗೂ ಹೇಳಿದ್ದೇನೆ, ಯಾರೂ ಎಬ್ಬಿಸಲು ಹೋಗಬಾರದು.

ಈಗ ನಾನು ಮಾಡುವುದು ಹೀಗೆ. ಅಡಾಪ್ಟರ್ ಬಿಟ್ಟಿಲ್ಲ, ಆದರೆ ಸಾದಾದ್ದು ತೆಗೆದುಕೊಂಡೆ, ಲೈಟು ಯುಎಸ್‌ಬಿ ಎಂತದೂ ಇಲ್ಲದ್ದು. ತೆಳು ವಯರ್ ಕಿತ್ತು 4 ಸ್ಕ್ವೇರ್ ಎಂಎಂ ತಾಮ್ರದ ವಯರ್ ಬೆಸುಗೆ ಹಾಕಿದೆ, ಪ್ಲಸ್ ಕಡೆ ಗಾಡಿಯಲ್ಲಿ ಬರುವಂಥ 30 ಆಂಪಿಯರ್ ಬ್ಲೇಡ್ ಫ್ಯೂಸ್. ಹೊರಗೆ ಒಂದು ಪುಟ್ಟ ವೋಲ್ಟ್‌ಮೀಟರ್ ಅಂಟಿಸಿದ್ದೇನೆ, ಒತ್ತಿದಾಗ ಮಾತ್ರ ಹೊತ್ತುವ ಬಟನ್ ಜೊತೆಗೆ, ಇಲ್ಲವಾದರೆ ಅದೇ ಬ್ಯಾಟರಿ ಕುಡಿಯುತ್ತದೆ. ಮಿಷನ್ ನಿಲ್ಲಿಸಿ ಒತ್ತಿ ನೋಡಬೇಕು, ಲೋಡಿನಲ್ಲಿ ವೋಲ್ಟೇಜ್ ಸುಮ್ನೆ ಕೆಳಗೆ ತೋರಿಸುತ್ತದೆ. 16 ಕಂಡರೆ ಬ್ಯಾಟರಿ ಹೊರಗೆ. ಅಂದರೆ ಸೆಲ್‌ಗೆ 3.2, ಅಲ್ಲಿಂದ ಕೆಳಗೆ ಸಿಗುವ ಕೆಲಸವೂ ಸ್ವಲ್ಪವೇ. ಇಪ್ಪತ್ತು ಸ್ಕ್ರೂ ಆಸೆ ಈಗ ಇಲ್ಲ.

ಅಡಾಪ್ಟರಿನಲ್ಲಿ ಓಡಿಸುವುದು ಇಂಪ್ಯಾಕ್ಟ್, ಫ್ಯಾನು, ಕೆಲಸದ ಲೈಟು ಮಾತ್ರ. ಗ್ರೈಂಡರಿಗೆ ಖಂಡಿತ ಬೇಡ. 4 ಇಂಚಿನ ಗ್ರೈಂಡರ್ ಪೈಪಿಗೆ ಒತ್ತಿ ಹಿಡಿದಾಗ 30 ಆಂಪಿಯರ್ ದಾಟುತ್ತದೆ, ಅಡಾಪ್ಟರಿನ ತೆಳು ಕಾಲು ಬಿಸಿಯಾಗಿ ಪ್ಲಾಸ್ಟಿಕ್ ವಾಸನೆ ಬರುತ್ತದೆ, ಬ್ಯಾಟರಿ ಎಷ್ಟು ಬಿಸಿಯಾಯಿತು ಎಂದು ಮಿಷನ್‌ಗೆ ಗೊತ್ತೇ ಇಲ್ಲ. ಚಾರ್ಜ್ ಕೂಡ ಅವರವರ ಚಾರ್ಜರಿನಲ್ಲೇ. ಅಡಾಪ್ಟರ್ ಮೂಲಕ ಚಾರ್ಜ್ ಮಾಡುವ ಯೋಚನೆಯೇ ಬೇಡ.

ನಮ್ಮ ಕಡಲ ಗಾಳಿಯ ಮಾತೂ ಹೇಳಬೇಕು. ಮಲ್ಪೆ, ಕಾಪು ಕಡೆ ಒಂದು ಮಳೆಗಾಲ ಕಳೆದರೆ ಬ್ಯಾಟರಿಯ ಕಾಲುಗಳು ಹಸಿರುಗಟ್ಟುತ್ತವೆ. ಅಡಾಪ್ಟರ್ ಹಾಕಿದರೆ ಕಾಲು ಸೇರುವ ಜಾಗ ಒಂದಿದ್ದದ್ದು ಎರಡಾಗುತ್ತದೆ, ಸಡಿಲಾದ ಕಡೆ ಬಿಸಿ ಜಾಸ್ತಿ. ನಾನು ವಾರಕ್ಕೊಮ್ಮೆ ಸ್ಪಿರಿಟ್‌ನಲ್ಲಿ ಒರೆಸುತ್ತೇನೆ. ತುಂಬಾ ದಿನ ಬಳಸದ ಪ್ಯಾಕನ್ನು ಅರ್ಧ ಚಾರ್ಜ್‌ನಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇನೆ.

ಒಂದೇ ಕಂಪನಿಯದ್ದು ಕೊಂಡರೆ ಸಾಕು ಎನ್ನುವವರಿಗೂ ಒಂದು ಮಾತು, ಹೆಸರು ಒಂದೇ ಇದ್ದ ಮಾತ್ರಕ್ಕೆ ಕೂರುವುದಿಲ್ಲ. ಬಾಷ್‌ನ ನೀಲಿ 18 ವೋಲ್ಟ್ ಬ್ಯಾಟರಿ ಅವರದೇ ಹಸಿರು ಮಿಷನ್‌ಗೆ ಆಗುವುದಿಲ್ಲ. ಮಕಿತಾದ ಜಿ ಸೀರೀಸ್‌ನದ್ದು ಎಲ್‌ಎಕ್ಸ್‌ಟಿಗೆ ಆಗುವುದಿಲ್ಲ, 40 ವೋಲ್ಟ್ ಎಕ್ಸ್‌ಜಿಟಿ ಬೇರೆಯೇ. ಅಂಗಡಿಗೆ ನಿಮ್ಮ ಬ್ಯಾಟರಿ ಹಿಡಿದುಕೊಂಡೇ ಹೋಗಿ, ಹಾಕಿ ಒತ್ತಿ ನೋಡಿ. ಇನ್ನು ಒಂದೇ ಬ್ಯಾಟರಿ ಬೇರೆ ಬೇರೆ ಕಂಪನಿಯ ಮಿಷನ್‌ಗೂ ಆಗುವಂತೆ ಕಂಪನಿಗಳೇ ಒಟ್ಟುಗೂಡಿ ಮಾಡಿದ್ದೂ ಉಂಟು. ಮೆಟಾಬೋದವರು 2018ರಲ್ಲಿ ಸಿಎಎಸ್ ಎಂದು ಶುರು ಮಾಡಿದರು, ಬಾಷ್ ನೀಲಿ 18 ವೋಲ್ಟ್ ಸುತ್ತ ಆಂಪ್‌ಶೇರ್ ಉಂಟು, ಫೈನ್‌ನಂಥ ಕಂಪನಿಗಳು ಅದರಲ್ಲಿವೆ. ಇಲ್ಲಿ ಬ್ಯಾಟರಿಯ ಎಲ್ಲಾ ಕಾಲೂ ಮಾತಾಡುತ್ತವೆ, ನಡುವೆ ಅಡಾಪ್ಟರ್ ಬೇಕಿಲ್ಲ.

ನಾನು ಗ್ರೈಂಡರನ್ನು ಡ್ರಿಲ್‌ನ ಕಂಪನಿಯದ್ದೇ ತೆಗೆದುಕೊಂಡೆ, 5 ಆಂಪಿಯರ್ ಅವರ್‌ನ ಎರಡು ಪ್ಯಾಕ್ ಜೊತೆಗೆ. ಇಂಪ್ಯಾಕ್ಟ್ ಇನ್ನೂ ಅಡಾಪ್ಟರಿನಲ್ಲೇ ಓಡುತ್ತಿದೆ. ಸಂಜೆ ಏಣಿ ಇಳಿದ ಕೂಡಲೇ ಬ್ಯಾಟರಿ ಕಳಚಿ, ಅಡಾಪ್ಟರನ್ನು ಬ್ಯಾಗಿನ ಬೇರೆ ಖಾನೆಗೆ ಹಾಕುತ್ತೇನೆ.